ಡ್ಯೂಟಿ ಚಾರ್ಟ್ ಬರೆಯುವ ಅಕ್ಕಂದಿರಿಗೆ: ವಾರ್ಡಿನ ಸಿಬ್ಬಂದಿಯನ್ನು ನೋಡಿಕೊಳ್ಳೋದು ಹೇಗೆ

ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಮಕ್ಕಳ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್. ಗದಗ, ಹಾವೇರಿ, ಧಾರವಾಡದ ಸಣ್ಣ ನರ್ಸಿಂಗ್ ಹೋಮ್‌ಗಳಲ್ಲಿ ಹೊಸದಾಗಿ ಇನ್‌ಚಾರ್ಜ್ ಆದ ಹುಡುಗಿಯರು ಆಗಾಗ ಫೋನ್ ಮಾಡುತ್ತಾರೆ. "ಅಕ್ಕಾರ, ಸ್ಟಾಫ್ ನಿಲ್ಲವಲ್ರು. ಒಬ್ಬರಾದ ಮ್ಯಾಲೆ ಒಬ್ಬರು ಬಿಟ್ಟು ಹೊಂಟಾರ. ಏನ್ ಮಾಡ್ಲಿ?" ಅಂತ ಕೇಳುತ್ತಾರೆ. ಅವರಿಗೆ ಫೋನಿನಲ್ಲಿ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ನರ್ಸ್, ಆಯಾ, ವಾರ್ಡ್ ಬಾಯ್ ಇವರ ಆರೋಗ್ಯ ಅಂದ ಕೂಡಲೇ ಆಡಳಿತದವರು ಯೋಗ ಶಿಬಿರ, ಭಾಷಣ ಅಂತ ಶುರು ಮಾಡುತ್ತಾರೆ. ಮೇ 12ರ ನರ್ಸ್‌ಗಳ ದಿನಕ್ಕೆ ಕೇಕ್ ಬರುತ್ತದೆ. ಅದೆಲ್ಲ ಇರಲಿ, ಬೇಡ ಅನ್ನೋದಿಲ್ಲ. ಆದರೆ ಒಬ್ಬ ಹುಡುಗಿ ಯಾವಾಗ ಮಲಗುತ್ತಾಳೆ, ಯಾವಾಗ ಉಣ್ಣುತ್ತಾಳೆ, ಯಾವ ಹಬ್ಬಕ್ಕೆ ತವರಿಗೆ ಹೋಗುತ್ತಾಳೆ ಅನ್ನೋದನ್ನು ತೀರ್ಮಾನ ಮಾಡುವುದು ನಿಮ್ಮ ಕೈಯಲ್ಲಿರುವ ಡ್ಯೂಟಿ ಚಾರ್ಟ್. ಅಲ್ಲಿಂದಲೇ ಶುರು ಮಾಡಿ.

ಚಾರ್ಟ್ ಬರೆಯುವಾಗ

ನಮ್ಮ ಕಡೆ ಹೆಚ್ಚಿನ ಖಾಸಗಿ ಆಸ್ಪತ್ರೆಗಳಲ್ಲಿ ಬೆಳಗ್ಗೆ 8ರಿಂದ 2, ಮಧ್ಯಾಹ್ನ 2ರಿಂದ 8, ರಾತ್ರಿ 8ರಿಂದ ಬೆಳಗ್ಗೆ 8. ಈ ಸಮಯವನ್ನು ನೀವು ಬದಲಾಯಿಸೋಕೆ ಆಗಲಿಕ್ಕಿಲ್ಲ. ಯಾರಿಗೆ ಯಾವುದರ ಹಿಂದೆ ಯಾವುದು ಅನ್ನೋದು ಮಾತ್ರ ನಿಮ್ಮದೇ.

ಬೆಳಗಿನ ಪಾಳಿಯಿಂದ ಮಧ್ಯಾಹ್ನಕ್ಕೆ, ಮಧ್ಯಾಹ್ನದಿಂದ ರಾತ್ರಿಗೆ ಸಾಗಿಸಿ. ಉಲ್ಟಾ ಮಾಡಬೇಡಿ. ತಡವಾಗಿ ಮಲಗೋದನ್ನು ಮೈ ಬೇಗ ಕಲಿಯುತ್ತದೆ, ಬೇಗ ಮಲಗೋದನ್ನು ಸುಲಭಕ್ಕೆ ಕಲಿಯುವುದಿಲ್ಲ. ರಜೆಯಲ್ಲಿ ಎಲ್ಲರೂ ತಡವಾಗಿ ಎದ್ದು ರೂಢಿಯಾಗಿ, ಸೋಮವಾರ ಬೆಳಗ್ಗೆ ಒದ್ದಾಡೋದು ಇದಕ್ಕೇ ಅಲ್ವಾ? ಎರಡು ಪಾಳಿಗಳ ನಡುವೆ ಕನಿಷ್ಠ 11 ಗಂಟೆ ಬಿಡುವು ಇರಲಿ. ನೈಟ್ ಮುಗಿಸಿ 8ಕ್ಕೆ ಹೋದವಳನ್ನು ಅದೇ ದಿನ 2 ಗಂಟೆಗೆ ಕರೆಸೋದು ಎಷ್ಟೋ ಕಡೆ ನಡೆದೇ ಇದೆ. ಮನೆಗೆ ಹೋಗಿ ಸ್ನಾನ ಮಾಡಿ ವಾಪಸ್ ಬರೋದರಲ್ಲೇ ಆ 6 ಗಂಟೆ ಮುಗಿಯುತ್ತದೆ. ಅವಳು ಡೋಸ್ ಲೆಕ್ಕ ಹಾಕುವ ಸ್ಥಿತಿಯಲ್ಲಿ ಇರುವುದಿಲ್ಲ. ಮಕ್ಕಳ ವಾರ್ಡಿನಲ್ಲಿ ಔಷಧಿಯನ್ನು ಮಗುವಿನ ತೂಕದ ಮೇಲೆ ಲೆಕ್ಕ ಹಾಕಿ ಕೊಡಬೇಕು. ದಶಮಾಂಶದ ಒಂದು ಚುಕ್ಕಿ ಆಚೀಚೆ ಆದರೆ ಹತ್ತು ಪಟ್ಟು ಜಾಸ್ತಿ ಹೋಗುತ್ತದೆ.

12 ಗಂಟೆಯ ನೈಟ್ ಇದ್ದರೆ ಸಾಲಾಗಿ ಮೂರಕ್ಕಿಂತ ಹೆಚ್ಚು ಹಾಕಬೇಡಿ. ಏಳು ನೈಟ್, ಹದಿನೈದು ನೈಟ್ ಒಟ್ಟಿಗೆ ಮುಗಿಸಿಬಿಡುವ ಪದ್ಧತಿ ನಮ್ಮಲ್ಲಿ ಹಳೆಯದು. ಕೆಲವು ಹುಡುಗಿಯರೇ "ಒಮ್ಮೆಲೆ ಮುಗಿಸಿಬಿಡ್ತೀನ್ರಿ ಅಕ್ಕಾರ" ಅಂತ ಕೇಳುತ್ತಾರೆ. ಒಪ್ಪಬೇಡಿ. ಹಗಲಿನ ನಿದ್ದೆ ಯಾವಾಗಲೂ ಕಮ್ಮಿ, ಪ್ರತಿ ದಿನದ ಬಾಕಿ ಕೂಡುತ್ತಾ ಹೋಗುತ್ತದೆ. ರಾತ್ರಿಗಳು ಹೆಚ್ಚಾದಷ್ಟೂ ಕೈತಪ್ಪು ಹೆಚ್ಚುತ್ತದೆ.

ಇನ್ನೊಂದು ಮಾತಿಗೆ ನಾನು ಆಡಳಿತದವರ ಜೊತೆ ಗಟ್ಟಿಯಾಗಿ ನಿಲ್ಲುತ್ತೇನೆ. ನೈಟ್ ಆಫ್ ಬೇರೆ, ವಾರದ ರಜೆ ಬೇರೆ. ನೈಟ್ ಮುಗಿದ ದಿನ ಅವಳು ಮಲಗಿ ಸುಧಾರಿಸಿಕೊಳ್ಳುವ ದಿನ. ಅದನ್ನೇ ವೀಕ್ಲಿ ಆಫ್ ಅಂತ ಎಣಿಸಿದರೆ ಆ ವಾರ ಅವಳಿಗೆ ರಜೆಯೇ ಸಿಕ್ಕಿಲ್ಲ ಅಂತ ಅರ್ಥ. ಚಾರ್ಟಿನಲ್ಲಿ ಎರಡಕ್ಕೂ ಬೇರೆ ಬೇರೆ ಗುರುತು ಹಾಕಿ. ಕಣ್ಣಿಗೆ ಕಂಡರೆ ಯಾರೂ ವಾದ ಮಾಡೋದಿಲ್ಲ.

ಹಬ್ಬಗಳಿಗೆ ಒಂದು ನೋಟ್‌ಬುಕ್ ಇಡಿ. ನಮ್ಮ ಕಡೆ ನಾಗರ ಪಂಚಮಿಗೆ ತವರಿಗೆ ಹೋಗದಿದ್ದರೆ ಹೆಣ್ಣುಮಕ್ಕಳಿಗೆ ವರ್ಷವೇ ಖಾಲಿ ಅನಿಸುತ್ತದೆ. ಜೋಕಾಲಿ, ಉಂಡಿ, ಅಣ್ಣ ಬಂದು ಕರೆದುಕೊಂಡು ಹೋಗೋದು, ಇದನ್ನೆಲ್ಲ ಮನಸ್ಸು ಕಾಯುತ್ತಿರುತ್ತದೆ. ಎಲ್ಲರಿಗೂ ಒಂದೇ ದಿನ ರಜೆ ಕೊಡೋಕೆ ಆಗೋದಿಲ್ಲ. ಹೋದ ವರ್ಷ ಯಾರು ಹೋದರು, ಈ ವರ್ಷ ಯಾರ ಸರದಿ ಅಂತ ಬರೆದು ಗೋಡೆಗೆ ಅಂಟಿಸಿ. ದೀಪಾವಳಿಗೆ ಮುಸ್ಲಿಂ ಹುಡುಗಿಯರು ನಿಲ್ಲುತ್ತಾರೆ. ರಂಜಾನ್, ಬಕ್ರೀದ್‌ಗೆ ಉಳಿದವರು ನಿಲ್ಲುತ್ತಾರೆ. ಕೇರಳದ ಸಿಸ್ಟರ್‌ಗಳಿಗೆ ಓಣಂ, ಕ್ರಿಸ್‌ಮಸ್. ಅವರವರೇ ಮಾತಾಡಿಕೊಂಡು ಹೊಂದಿಸಿಕೊಳ್ಳುತ್ತಾರೆ, ನೀವು ಬರೆದಿಟ್ಟರೆ ಸಾಕು. ಹುಬ್ಬಳ್ಳಿಯಲ್ಲಿ ರಂಗಪಂಚಮಿ ದಿನ ಬೆಳಗ್ಗೆ ನೈಟ್ ಮುಗಿಸಿದವರು ಓಣಿ ದಾಟಿ ಮನೆ ಸೇರೋದೇ ಕಷ್ಟ. ಅವತ್ತು ಆಸ್ಪತ್ರೆಯಲ್ಲೇ ಮಧ್ಯಾಹ್ನದವರೆಗೆ ಮಲಗಲು ಒಂದು ರೂಮು ಬಿಡಿಸಿಕೊಡಿ.

ಚಾರ್ಟನ್ನು ತಿಂಗಳ 20ರೊಳಗೆ ಹಚ್ಚಿಬಿಡಿ. ಹಿಂದಿನ ರಾತ್ರಿ ವಾಟ್ಸ್ಆ್ಯಪ್‌ನಲ್ಲಿ ಡ್ಯೂಟಿ ತಿಳಿಸಿದರೆ ಮನೆಯಲ್ಲಿ ಮಗುವನ್ನು ಯಾರ ಹತ್ತಿರ ಬಿಡಬೇಕು ಅನ್ನೋ ಚಿಂತೆಯಲ್ಲೇ ಆ ರಾತ್ರಿ ಹೋಗುತ್ತದೆ.

ನೈಟ್ ಡ್ಯೂಟಿ

1997ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಒಂದು ವಿಷಯ ತೋರಿಸಿದರು. 17 ಗಂಟೆ ಎಚ್ಚರ ಇದ್ದವರ ಕೈ, ಕಣ್ಣು, ಗಮನ ಎಲ್ಲವೂ 100 ಮಿಲಿ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯ ಇರುವವರ ಹಾಗೆ ಮಂದ ಆಗಿರುತ್ತವೆ. ನಮ್ಮ ದೇಶದಲ್ಲಿ ಗಾಡಿ ಓಡಿಸುವವರಿಗೆ 30 ಮಿಲಿಗ್ರಾಂ ದಾಟಿದರೇ ಕೇಸು. ಬೆಳಗ್ಗೆ 7ಕ್ಕೆ ಎದ್ದು, ಅಡುಗೆ ಮಾಡಿ, ಮಕ್ಕಳನ್ನು ಶಾಲೆಗೆ ಕಳಿಸಿ, ಬಟ್ಟೆ ತೊಳೆದು ಮೊದಲ ನೈಟಿಗೆ ಬಂದ ಹೆಣ್ಣುಮಗಳಿಗೆ ರಾತ್ರಿ 12ಕ್ಕೆ ಸರಿಯಾಗಿ 17 ಗಂಟೆ ಆಗುತ್ತದೆ. ಅವಳ ಪಾಳಿ ಇನ್ನೂ 8 ಗಂಟೆ ಬಾಕಿ.

ಹಾಗಾಗಿ ಮೊದಲ ನೈಟಿನ ದಿನ ಮಧ್ಯಾಹ್ನ ಒಂದೂವರೆ ಗಂಟೆಯಾದರೂ ಮಲಗಿ ಬರಬೇಕು ಅಂತ ಎಲ್ಲರಿಗೂ ಹೇಳಿ. ಮನೆಯವರಿಗೂ ಹೇಳಿ. ಇದು ಮುಖ್ಯ. "ಡ್ಯೂಟ್ಯಾಗ ಮಲಗಿ ಬಂದಿರ್ತಾಳ, ಮತ್ತ ಇಲ್ಲಿ ಯಾಕ ಮಲಗಬೇಕು" ಅನ್ನುವ ಅತ್ತೆಯಂದಿರು ಇದ್ದಾರೆ. ಅವರೇನೂ ಕೆಟ್ಟವರಲ್ಲ. ರಾತ್ರಿ ವಾರ್ಡಿನಲ್ಲಿ ಏನು ನಡೆಯುತ್ತದೆ ಅಂತ ಅವರಿಗೆ ಯಾರೂ ಹೇಳಿಲ್ಲ. ಹೊಸ ಹುಡುಗಿ ಸೇರಿದಾಗ ನಾನು ಅವಳ ಒಪ್ಪಿಗೆ ಕೇಳಿ ಮನೆಗೆ ಒಂದು ಫೋನ್ ಮಾಡುತ್ತೇನೆ. "ಅತ್ತ್ಯಾರ, ನಿಮ್ಮ ಸೊಸಿ ರಾತ್ರಿ ಪೂರಾ ಸಣ್ಣ ಹುಡುಗರ ಕಡೆ ನಿಂತಿರ್ತಾಳ್ರಿ. ಬೆಳಿಗ್ಗೆ ಬಂದ ಕೂಡಲೇ ಮಲಗಲಿಕ್ಕೆ ಬಿಡ್ರಿ, ರೊಟ್ಟಿ ಸಂಜೀಕ ಬಡೀಲಿ" ಅನ್ನುತ್ತೇನೆ. ಆಸ್ಪತ್ರೆಯ ಸಿಸ್ಟರ್ ಫೋನ್ ಮಾಡಿದರು ಅನ್ನೋದಕ್ಕೇ ಒಂದು ತೂಕ ಇರುತ್ತದೆ.

ಪಾಳಿಯ ನಡುವೆ ಇಪ್ಪತ್ತು ನಿಮಿಷದ ನಿದ್ದೆಗೆ ಅವಕಾಶ ಕೊಡಿ. ಕದ್ದು ಮಲಗುವ ನಿದ್ದೆ ಅಲ್ಲ, ಚಾರ್ಟಿನಲ್ಲೇ ಬರೆದ ನಿದ್ದೆ. ರಾತ್ರಿ 1ರಿಂದ 4ರೊಳಗೆ, ಒಬ್ಬರಾದ ಮೇಲೆ ಒಬ್ಬರು. ಮಲಗುವವಳು ತನ್ನ ಬೆಡ್‌ಗಳನ್ನು ಇನ್ನೊಬ್ಬಳಿಗೆ ಹೆಸರು ಹೇಳಿ ಒಪ್ಪಿಸಬೇಕು, ಯಾವ ಮಗುವಿಗೆ ಯಾವ ಡ್ರಿಪ್ ಓಡುತ್ತಿದೆ ಅಂತ ತೋರಿಸಬೇಕು. ಮಂಚ, ಚಿಲಕ ಇರುವ ಬಾಗಿಲು, ಒಂದು ಅಲಾರಂ ಬೇಕು. ಅರ್ಧ ಗಂಟೆ ದಾಟಿದರೆ ಗಾಢ ನಿದ್ದೆಗೆ ಜಾರಿ ಎದ್ದಾಗ ಮಂಪರು ಜಾಸ್ತಿ. ಎದ್ದ ಮೇಲೆ ಮುಖ ತೊಳೆದು ಹತ್ತು-ಹದಿನೈದು ನಿಮಿಷ ಓಡಾಡಿದ ಮೇಲೇ ಔಷಧಿಗೆ ಕೈ ಹಾಕಬೇಕು. ರಾತ್ರಿ 3ರಿಂದ 5 ಮೈ ಅತ್ಯಂತ ಮಂದವಾಗಿರುವ ಹೊತ್ತು. ಆಗ ಇನ್ಸುಲಿನ್, ಹೆಪಾರಿನ್, ಪೊಟ್ಯಾಸಿಯಂ ಕ್ಲೋರೈಡ್‌ನಂಥ, ಡೋಸ್ ತಪ್ಪಿದರೆ ಜೀವಕ್ಕೇ ಅಪಾಯವಾಗುವ ಔಷಧಿ ಇದ್ದರೆ ಇಬ್ಬರು ನೋಡದೆ ಕೊಡುವಂತಿಲ್ಲ ಅಂತ ನಿಯಮ ಮಾಡಿ. ಚಹಾ 3 ಗಂಟೆಯೊಳಗೆ ಮುಗಿಯಲಿ, ಇಲ್ಲದಿದ್ದರೆ ಬೆಳಗಿನ ನಿದ್ದೆ ಕೆಡುತ್ತದೆ.

ಬೆಳಗ್ಗೆ ಧಾರವಾಡದ ಕಡೆ ಹೋಗುವವರು ಸ್ಕೂಟಿ ಬಿಟ್ಟು ಚಿಗರಿ ಬಸ್ ಹತ್ತಲಿ. ಕಿಟಕಿಗೆ ತಲೆ ಆನಿಸಿ ನಿದ್ದೆ ಬಂದರೂ ಜೀವಕ್ಕೆ ಅಪಾಯ ಇಲ್ಲ. ಮನೆಯಲ್ಲಿ ಕಿಟಕಿಗೆ ದಪ್ಪ ಚಾದರ ಕಟ್ಟಿಕೊಳ್ಳಲಿ, ಕಿವಿಗೆ ಹತ್ತಿ ಇಟ್ಟುಕೊಳ್ಳಲಿ. ಕಸದ ಗಾಡಿಯ ಹಾಡು, ಕಾಯಿಪಲ್ಲೆ ಮಾರುವವರ ಮೈಕು, ಗ್ಯಾಸ್ ಸಿಲಿಂಡರ್ ಎಲ್ಲ ಬರೋದು ಅದೇ ಹೊತ್ತಿಗೆ.

ಊಟ, ನೀರು, ಶೌಚಾಲಯ

ಬರೆಯೋಕೆ ಸಣ್ಣ ವಿಷಯ ಅನಿಸಬಹುದು. ಆದರೆ ಮೂತ್ರ ತಡೆದು ತಡೆದು ಉರಿಮೂತ್ರ ಮಾಡಿಕೊಂಡ ಎಷ್ಟು ನರ್ಸ್‌ಗಳನ್ನು ನೋಡಿದ್ದೇನೆ! ಹೋಗಬೇಕಾಗುತ್ತದೆ ಅಂತ ನೀರೇ ಕುಡಿಯೋದಿಲ್ಲ. ಸಿಬ್ಬಂದಿಗೇ ಬೀಗ ಇರುವ ಒಂದು ಶೌಚಾಲಯ, ಒಳಗೆ ಮುಚ್ಚಳದ ಡಬ್ಬಿ, ಕಪಾಟಿನಲ್ಲಿ ಒಂದೆರಡು ಪ್ಯಾಡ್ ಪ್ಯಾಕೆಟ್, ಇವಿಷ್ಟನ್ನು ಕೇಳಿ ಪಡೆಯಿರಿ.

ಊಟಕ್ಕೆ ಇಪ್ಪತ್ತು ನಿಮಿಷ ಬೆಡ್ ಒಪ್ಪಿಸಿ ಕಳಿಸಿ. "ಹೋಗಿ ಉಂಡು ಬಾ" ಅಂತ ಬಾಯಲ್ಲಿ ಹೇಳಿದರೆ ಯಾರೂ ಹೋಗೋದಿಲ್ಲ. "ನಿನ್ನ ನಾಲ್ಕು ಬೆಡ್ ಈಗ ನನ್ನವು" ಅಂದರೆ ಹೋಗುತ್ತಾರೆ. ನಮ್ಮ ಕಟಕ ರೊಟ್ಟಿ, ಶೇಂಗಾ ಚಟ್ನಿ, ಮೊಸರು ರಾತ್ರಿ ಡ್ಯೂಟಿಗೆ ಹೇಳಿ ಮಾಡಿಸಿದ ಊಟ. ರೊಟ್ಟಿ ಕೆಡೋದಿಲ್ಲ, ಬಿಸಿ ಮಾಡಬೇಕಿಲ್ಲ, ಹೊಟ್ಟೆ ಭಾರ ಆಗೋದಿಲ್ಲ. ಕ್ಯಾಂಟೀನಿನ ಮಿರ್ಚಿ ಭಜಿ ನಡುರಾತ್ರಿಗೆ ಬೇಡ.

ಬಸುರಿಯರಿಗೆ ನೈಟ್ ಹಾಕಬೇಡಿ, ಎಕ್ಸ್‌ರೇ ಮತ್ತು ಕ್ಯಾನ್ಸರ್ ಔಷಧಿಯ ಹತ್ತಿರ ನಿಲ್ಲಿಸಬೇಡಿ. 26 ವಾರದ ಹೆರಿಗೆ ರಜೆ 2017ರ ತಿದ್ದುಪಡಿಯಿಂದ ಕಾನೂನೇ ಕೊಟ್ಟಿದ್ದು, ಮೊದಲೆರಡು ಮಕ್ಕಳಿಗೆ. ವಾಪಸ್ ಬಂದ ಮೇಲೆ ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ಬಿಡುವು ಕೂಡ ಕಾನೂನಿನಲ್ಲೇ ಇದೆ. ಎಷ್ಟೋ ಹುಡುಗಿಯರಿಗೆ ಇದು ಗೊತ್ತಿಲ್ಲ, ನೀವೇ ಹೇಳಿ.

ಒಂದು ಮಗು ತೀರಿಕೊಂಡಾಗ

ಒಂದು ಸಂಜೆ ನಮ್ಮ ವಾರ್ಡಿನಲ್ಲಿ ಡೆಂಗಿ ಬಂದಿದ್ದ ಮಗು ಉಳಿಯಲಿಲ್ಲ. ತಾಯಿತಂದೆ ಹೊರಗೆ ಹೋದ ಮೇಲೂ ಆ ಬೆಡ್ ನೋಡುತ್ತಿದ್ದ ಹಾನಗಲ್ ಕಡೆಯ ಹುಡುಗಿ ಕೌಂಟರಿನಲ್ಲಿ ಕೂತು ಆ ಮಗುವಿನ ಚಾರ್ಟ್ ತುಂಬುತ್ತಲೇ ಇದ್ದಳು. ಸಮಯ ಬರೆದಳು, ಅದರ ಮೇಲೇ ಮತ್ತೆ ತಿದ್ದಿದಳು. ಎಡಗೈಯಲ್ಲಿ ಸಿರಿಂಜಿನ ಹರಿದ ಕವರು ಹಾಗೇ ಇತ್ತು, ಬಿಟ್ಟಿರಲಿಲ್ಲ. "ಅಕ್ಕಾರ, ಡ್ರಿಪ್ ನಾ ಸರಿ ಇಟ್ಟಿದ್ನಲ್ರಿ?" ಅಂದಳು.

ಇಂಥ ಹೊತ್ತಿನಲ್ಲಿ "ನಿಂದೇನ್ ತಪ್ಪಿಲ್ಲ ಬಿಡು" ಅಂತ ತಟ್ಟನೆ ಹೇಳಿದರೆ ಅವಳು ನಂಬೋದಿಲ್ಲ. ನಾನು ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಕೂತೆ. "ಚಾರ್ಟ್ ನಾಳಿಗೆ ಇಬ್ಬರೂ ಕೂತು ಒಂದೊಂದ ಸಾಲು ನೋಡೋಣು. ಈಗ ನೀರು ಕುಡಿ. ನಿನ್ನ ಉಳಿದ ಬೆಡ್ ನಾ ನೋಡ್ತೀನಿ" ಅಂದೆ. ಅವಳು ಮಾತಾಡಲಿಲ್ಲ. ಸ್ವಲ್ಪ ಹೊತ್ತಿಗೆ ಆಯಾ ಬಂದು ಅವಳ ಕೈಯಿಂದ ಆ ಕವರು ತೆಗೆದುಕೊಂಡು, ಬೆನ್ನ ಮೇಲೆ ಕೈ ಇಟ್ಟು, ಚಹಾ ಕುಡಿಯೋಕೆ ಕರೆದುಕೊಂಡು ಹೋದಳು. ಮರುದಿನ ನಿಜವಾಗಲೂ ಚಾರ್ಟ್ ನೋಡಿದೆವು. ಡ್ರಿಪ್ ಸರಿಯಾಗಿಯೇ ಇತ್ತು. ಅವಳು ತನ್ನ ಕಣ್ಣಿಂದ ನೋಡಿ ತಿಳಿದುಕೊಂಡಳು.

ಕೆಲವು ಕಡೆ ಇಂಥ ಘಟನೆ ಆದ ಕೂಡಲೇ ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿ, ಏನಾಯ್ತು, ಹೇಗನಿಸಿತು ಅಂತ ಒಬ್ಬೊಬ್ಬರ ಬಾಯಿಂದ ಹೇಳಿಸುತ್ತಾರೆ. ಬೇಡ. ಒತ್ತಾಯ ಮಾಡಿ ಹೇಳಿಸೋದರಿಂದ ಅನುಕೂಲ ಇಲ್ಲ, ಕೆಲವರಿಗೆ ತೊಂದರೆಯೇ ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನು ಮಾಡಬೇಡಿ ಅನ್ನುತ್ತದೆ. 2011ರಲ್ಲಿ ಅವರು ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯ ಕ್ರಮ ಸರಳ: ನೋಡಿ, ಕೇಳಿಸಿಕೊಳ್ಳಿ, ಬೇಕಾದವರ ಹತ್ತಿರ ಜೋಡಿಸಿ. ಅವಳು ಮಾತಾಡಿದರೆ ಕೇಳಿ. ಮಾತಾಡದಿದ್ದರೆ ಪಕ್ಕದಲ್ಲಿರಿ. ಮನೆಗೆ ಒಬ್ಬಳನ್ನೇ ಕಳಿಸಬೇಡಿ. ಮರುದಿನ ಫೋನ್ ಮಾಡಿ. ವಾರದ ಮೇಲೆ ಇನ್ನೊಮ್ಮೆ ಕೇಳಿ, ಆಗಲೇ ಎಷ್ಟೋ ಜನ ಬಾಯಿ ಬಿಡೋದು.

ನಿಜವಾಗಲೂ ತಪ್ಪಾಗಿದ್ದರೆ? ಮೊದಲು ರೋಗಿಯನ್ನು ನೋಡಿ, ಡಾಕ್ಟರಿಗೆ ತಿಳಿಸಿ, ದಾಖಲೆ ಮಾಡಿ. ಆಮೇಲೆ ಹುಡುಗಿಯನ್ನು ನೋಡಿ. ಎಲ್ಲರೆದುರು ಬೈದರೆ ಮುಂದಿನ ತಪ್ಪನ್ನು ಯಾರೂ ನಿಮಗೆ ಹೇಳೋದಿಲ್ಲ, ಮುಚ್ಚಿಡುತ್ತಾರೆ. ಅದು ರೋಗಿಗೇ ಅಪಾಯ.

ಸೂಜಿ ಚುಚ್ಚಿದರೆ

ಗೋಡೆಗೆ ದೊಡ್ಡದಾಗಿ ಬರೆದು ಹಚ್ಚಿ. ಗಾಯ ಹಿಂಡಬೇಡಿ, ಬಾಯಿಗೆ ಹಾಕಬೇಡಿ, ಸ್ಪಿರಿಟ್ ಹಚ್ಚಬೇಡಿ. ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆಯಿರಿ. ಕೂಡಲೇ ತಿಳಿಸಿ. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ 2 ಗಂಟೆಯೊಳಗೆ ಶುರು ಮಾಡಿದರೆ ಒಳ್ಳೆಯದು, 72 ಗಂಟೆ ದಾಟಬಾರದು, 28 ದಿನ ತಪ್ಪದೆ ನುಂಗಬೇಕು. ಎಚ್‌ಐವಿ ಇರುವವರ ರಕ್ತದ ಸೂಜಿ ಚುಚ್ಚಿದರೂ, ಮಾತ್ರೆ ನುಂಗದಿದ್ದರೂ, ಸಾವಿರದಲ್ಲಿ ಸುಮಾರು ಮೂವರಿಗಷ್ಟೇ ಅಂಟುತ್ತದೆ. ಈ ಲೆಕ್ಕವನ್ನು ಆ ಹುಡುಗಿಗೆ ಮೊದಲೇ ಹೇಳಿ, ಭಯ ಅರ್ಧ ಇಳಿಯುತ್ತದೆ. ಹೆಪಟೈಟಿಸ್ ಬಿ ಬೇಗ ಅಂಟುತ್ತದೆ, ಆದರೆ ಅದಕ್ಕೆ ಲಸಿಕೆ ಇದೆ: ಮೊದಲನೆಯದು, ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಕಸದ ಚೀಲ ಒಯ್ಯುವ ಹೌಸ್‌ಕೀಪಿಂಗ್ ಅವ್ವಂದಿರಿಗೂ ಕೊಡಿಸಿ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ ಅದನ್ನೇ ಹೇಳುತ್ತದೆ. ಅವರು ಗುತ್ತಿಗೆಯವರು ಅನ್ನೋ ನೆಪ ನಡೆಯೋದಿಲ್ಲ.

ಜಗಳ, ಕೈ ಮಾಡೋದು

ಹಳ್ಳಿಯಿಂದ ಒಂದು ಟ್ರ್ಯಾಕ್ಸ್ ತುಂಬ ಜನ ಬಂದು ವಾರ್ಡಿನ ಬಾಗಿಲಲ್ಲಿ ನಿಂತಿರುತ್ತಾರೆ. ಒಳಗೆ ಏನಾಗುತ್ತಿದೆ ಅಂತ ಗೊತ್ತಿರುವುದಿಲ್ಲ. ಸಿಟ್ಟಿಗೆ ಅರ್ಧ ಕಾರಣ ಇದೇ. ಬಂದ ಕೂಡಲೇ "ನಿಮ್ಮಾಗ ಹಿರ್ಯಾರು ಯಾರದಾರ್ರಿ?" ಅಂತ ಕೇಳಿ. ಅವರನ್ನು ಒಳಗೆ ಕರೆದು, ಕೂರಿಸಿ, ಇರೋದನ್ನು ಇದ್ದ ಹಾಗೆ ಹೇಳಿ. ಸಂಜೆ ಒಂದು ನಿಗದಿತ ಹೊತ್ತಿಗೆ ಡಾಕ್ಟರು ಬಂದು ಮಾತಾಡುತ್ತಾರೆ ಅಂತ ತಿಳಿಸಿ, ಆ ಹೊತ್ತಿಗೆ ಡಾಕ್ಟರನ್ನು ಕರೆತನ್ನಿ. ಉಳಿದವರನ್ನು ಆ ಹಿರಿಯರೇ ಸಮಾಧಾನ ಮಾಡುತ್ತಾರೆ. ಕೆಟ್ಟ ಸುದ್ದಿಯನ್ನು ಹೊಸ ಹುಡುಗಿಯ ಬಾಯಿಂದ ಯಾವತ್ತೂ ಹೇಳಿಸಬೇಡಿ.

ಅಷ್ಟಾದರೂ ಕೈ ಮೇಲೆತ್ತಿದರೆ ಸಿಬ್ಬಂದಿ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಲಿ, 112ಕ್ಕೆ ಫೋನ್ ಹೋಗಲಿ. ಕರ್ನಾಟಕದಲ್ಲಿ ಇದಕ್ಕಾಗಿಯೇ 2009ರ ಕಾಯ್ದೆ ಇದೆ. ವೈದ್ಯಕೀಯ ಸಿಬ್ಬಂದಿಯ ಮೇಲೆ ಹಲ್ಲೆ ಮಾಡಿದವರಿಗೆ ಅದರಲ್ಲಿ ಜೈಲು, ದಂಡ ಎರಡೂ ಇವೆ. ದೂರು ಆಸ್ಪತ್ರೆಯ ಹೆಸರಿನಲ್ಲಿ ಹೋಗಬೇಕು. ಪೆಟ್ಟು ತಿಂದ ಹುಡುಗಿಯೇ ಠಾಣೆಗೆ ಅಲೆಯುವ ಹಾಗೆ ಆಗಬಾರದು. ಒಳಗಿನವರಿಂದಲೇ ಲೈಂಗಿಕ ಕಿರುಕುಳ ಆದರೆ 2013ರ ಕಾಯ್ದೆಯ ಆಂತರಿಕ ಸಮಿತಿ ಇದೆ, ಹತ್ತು ಜನ ಕೆಲಸ ಮಾಡುವ ಕಡೆಯೆಲ್ಲ ಇರಲೇಬೇಕು. ಸಮಿತಿಯಲ್ಲಿರುವವರ ಹೆಸರು, ಫೋನ್ ನಂಬರ್ ಡ್ರೆಸ್ಸಿಂಗ್ ರೂಮಿನಲ್ಲಿ ಹಚ್ಚಿ.

ಒಬ್ಬರು ಒಳಗೊಳಗೇ ಕುಗ್ಗುತ್ತಿದ್ದರೆ

ಕೆಲಸದಿಂದ ಪೂರಾ ಸೋತುಹೋಗೋದನ್ನು 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮೂರು ಗುರುತಿನಿಂದ ಹೇಳಿತು: ದಣಿವು, ಕೆಲಸದ ಮೇಲೆ ಬೇಸರ, ತನ್ನ ಕೈಲಿ ಏನೂ ಆಗುತ್ತಿಲ್ಲ ಅನ್ನೋ ಭಾವ. ವಾರ್ಡಿನಲ್ಲಿ ಅದು ಹೀಗೆ ಕಾಣುತ್ತದೆ: ರಜೆ ಮುಗಿಸಿ ಬಂದವಳೂ ದಣಿದೇ ಇರುತ್ತಾಳೆ. ಮಗು ಅತ್ತರೆ ಮೊದಲು ಓಡುತ್ತಿದ್ದವಳು ಈಗ ತಿರುಗಿ ನೋಡೋದಿಲ್ಲ. ಆಯಾ ಜೊತೆ ಸುಮ್ನೆ ಜಗಳ. "ಏನ್ ಮಾಡಿದ್ರೂ ಅಷ್ಟ ಬಿಡ್ರಿ" ಅನ್ನೋ ಮಾತು.

ಅವಳನ್ನು ಹೊರಗೆ ಕರೆದುಕೊಂಡು ಹೋಗಿ ಕೇಳಿ. ಕೌಂಟರಿನಲ್ಲಿ ಬೇಡ. ಮೊದಲು ಚಾರ್ಟ್ ತೆಗೆದು ಅವಳ ಕಳೆದ ಎರಡು ತಿಂಗಳ ನೈಟ್, ಡಬಲ್ ಡ್ಯೂಟಿ ಎಣಿಸಿ. ಬಹಳ ಸಲ ಉತ್ತರ ಅಲ್ಲೇ ಇರುತ್ತದೆ. ಸಾಯಬೇಕು ಅನಿಸುತ್ತಿದೆಯಾ ಅಂತ ಅನುಮಾನ ಬಂದರೆ ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ಬರುತ್ತದೆ ಅನ್ನೋದು ಸುಳ್ಳು. ಹೂಂ ಅಂದರೆ ಒಬ್ಬಳನ್ನೇ ಬಿಡಬೇಡಿ, ಅವತ್ತೇ ಡಾಕ್ಟರ ಹತ್ತಿರ ಕರೆದೊಯ್ಯಿರಿ. ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಇದೆ. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹೆಸರು ಹೇಳಿದರೆ ನಮ್ಮ ಜನ ಹಿಂಜರಿಯುತ್ತಾರೆ. ನಿದ್ದೆ ಇಲ್ಲದವರು, ಸಂಕಟ ಪಡುವವರು ದಿನಾ ಅಲ್ಲಿ ಬಂದು ತೋರಿಸಿಕೊಂಡು ಹೋಗುತ್ತಾರೆ ಅಂತ ತಿಳಿಸಿ ಹೇಳಿ. ಬೇಕಾದರೆ ಜೊತೆಗೆ ಹೋಗಿ. ವಿಷಯ ನಿಮ್ಮ ಬಾಯಿಂದ ಆಚೆ ಹೋಗಕೂಡದು.

ಆಡಳಿತದವರ ಮುಂದೆ

ಸಂಬಳ ತಡವಾದರೆ ಮೇಲೆ ಹೇಳಿದ್ದು ಯಾವುದೂ ನಿಲ್ಲೋದಿಲ್ಲ. ಆಯಾ, ವಾರ್ಡ್ ಬಾಯ್, ಆ್ಯಂಬುಲೆನ್ಸ್ ಡ್ರೈವರ್ ಇವರಿಗೆ ಮೊದಲು ಸಿಗಬೇಕು, ಅವರ ಮನೆಯಲ್ಲಿ ಉಳಿತಾಯ ಇರುವುದಿಲ್ಲ. ಇದನ್ನು ಹೇಳೋಕೆ ನಿಮಗೆ ಧೈರ್ಯ ಬೇಕು, ಕೈಯಲ್ಲಿ ಲೆಕ್ಕವೂ ಬೇಕು. ಒಂದು ರಿಜಿಸ್ಟರ್ ಇಟ್ಟುಕೊಳ್ಳಿ. ಯಾರ ಆಫ್ ರದ್ದಾಯಿತು, ಯಾರು ಎಷ್ಟು ಡಬಲ್ ಡ್ಯೂಟಿ ಮಾಡಿದರು, ಯಾವ ರಾತ್ರಿ ಎಷ್ಟು ಮಕ್ಕಳಿಗೆ ಎಷ್ಟು ನರ್ಸ್ ಇದ್ದರು, ಯಾರು ಕೆಲಸ ಬಿಟ್ಟರು, ಹೊಸಬರನ್ನು ತಯಾರು ಮಾಡೋಕೆ ಎಷ್ಟು ದಿನ ಹಿಡಿಯಿತು, ಎಲ್ಲ ಬರೆಯಿರಿ. "ಸ್ಟಾಫ್ ಕಮ್ಮಿ ಇದ್ದಾರೆ ಸರ್" ಅಂದರೆ ಯಾರೂ ತಲೆ ಎತ್ತೋದಿಲ್ಲ. ರಿಜಿಸ್ಟರ್ ಬಿಚ್ಚಿ ಟೇಬಲ್ ಮೇಲೆ ಇಟ್ಟರೆ ಓದಲೇಬೇಕಾಗುತ್ತದೆ. ಒಂದು ಭೇಟಿಯಲ್ಲಿ ಒಂದನ್ನೇ ಕೇಳಿ. ಮೊದಲು ಮಲಗುವ ರೂಮು ಕೇಳಿ, ಅದಕ್ಕೆ ಖರ್ಚು ಕಮ್ಮಿ. ಅದು ಸಿಕ್ಕ ಮೇಲೆ ನೈಟಿಗೆ ಇನ್ನೊಬ್ಬ ಸ್ಟಾಫ್ ಕೇಳಿ. ಕೊಟ್ಟ ಮಾತನ್ನು ತಾರೀಖು ಹಾಕಿ ಅದೇ ರಿಜಿಸ್ಟರಿನಲ್ಲಿ ಬರೆದು, ಅವರ ಸಹಿ ಹಾಕಿಸಿಕೊಂಡು ಬನ್ನಿ.